ಕೊಂದವನೇ ಎಬ್ಬಿಸಬೇಕು

ನಾನು ಎಷ್ಟು ಸಲ ಸತ್ತಿದೀನಿ ಅಂತ ಲೆಕ್ಕ ಇಟ್ಟವಳಲ್ಲ. ಜಗಳೂರು ಸೀಮೆಯ ಹಳ್ಳಿಗಳಲ್ಲಿ ವಿಷ ಕುಡಿದು ಸತ್ತಿದೀನಿ, ಹೊನ್ನಾಳಿ ಕಡೆ ಹೊಳೆಗೆ ಹಾರಿ ಸತ್ತಿದೀನಿ. ನ್ಯಾಮತಿ ಹತ್ರ ಒಂದೂರಲ್ಲಿ ಗಂಡನ ಪಾತ್ರದವನು ನನ್ನ ಕತ್ತು ಹಿಸುಕೋ ಹೊತ್ತಿಗೆ ಅವನಿಗೇ ಬಿಕ್ಕಳಿಕೆ ಹತ್ತಿ, ಸತ್ತ ನಾನು ನಗು ತಡೀಲಾರದೆ ಸೆರಗು ಮುಖಕ್ಕೆ ಎಳ್ಕೊಂಡಿದ್ದೂ ಐತೆ. ಹಳ್ಳಿ ನಾಟಕಕ್ಕೆ ಹೆಣ್ಣು ಪಾತ್ರ ಮಾಡಾಕೆ ಹೋಗೋಳು ನಾನು. ಊರಿನ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡಿರ್ತಾರೆ. ನಾವು ಹೆಂಗಸರು ಕೊನೇ ಗಳಿಗೇಲಿ ಟ್ರಂಕ್ ಹಿಡ್ಕೊಂಡು ಬಸ್ಸಿಳಿದು, ಒಂದು ಮಧ್ಯಾಹ್ನ ಅವರ ಜತೆ ನಿಂತು ಮಾತು ಹೊಂದಿಸ್ಕೊಂಡು, ಬಣ್ಣ ಹಚ್ಚಿ, ಬೆಳಗಾಗೋ ಹೊತ್ತಿಗೆ ಅತ್ತೋ ಸತ್ತೋ ಮುಗಿಸಿ, ಉಪ್ಪಿಟ್ಟು ತಿಂದು ಮೊದಲನೇ ಬಸ್ಸಿಗೆ ವಾಪಸ್ಸು.

ಸಾಯೋದು ಕಷ್ಟದ ಕೆಲಸ ಅಲ್ಲ. ಸತ್ತು ಮಲಗಿರೋದು ಕಷ್ಟ. ಕಣ್ಣು ಮುಚ್ಚಿದ ಕೂಡಲೇ ಕಿವಿ ಚುರುಕಾಗತ್ತೆ. ಬೆನ್ನ ಕೆಳಗೆ ಹಲಗೆ ಕಿರ್ರನ್ನೋದು, ಮುಂದಿನ ಸಾಲಲ್ಲಿ ಮುದುಕಿ ಎಲೆಅಡಿಕೆ ಉಗಿಯೋದು, ಯಾವುದೋ ಮಗು ಅವರಮ್ಮನ್ನ "ಇವ್ರು ಇನ್ ಏಳಲ್ವಾ" ಅಂತ ಕೇಳೋದು, ಎಲ್ಲಾ ಕೇಳಿಸ್ತಿರತ್ತೆ. ನನ್ನ ತಲೆ ಮೇಲೇನೇ ನಿಂತು ಜನ ನನ್ನ ಬಗ್ಗೆ "ಇದ್ದಳು, ಒಳ್ಳೆಯವಳಿದ್ದಳು" ಅಂತ ಅಳ್ತಿರ್ತಾರೆ. ಒಂದೊಂದು ಸಲ ಪರದೆ ಬಿದ್ದ ಮೇಲೂ ಏಳಾಕೆ ಮನಸ್ಸು ಬರಲ್ಲ. ಅದು ಸುಸ್ತಲ್ಲ. ಏನು ಅಂತ ನನಗೆ ಗೊತ್ತಿಲ್ಲ, ಕೇಳಬೇಡಿ.

ಚನ್ನಗಿರಿ ತಾಲ್ಲೂಕಲ್ಲಿ, ತ್ಯಾವಣಿಗೆ ದಾಟಿದ ಮೇಲೆ, ಚಾನೆಲ್ ಅಂತೀವಲ್ಲ, ಆ ಭದ್ರಾ ನಾಲೆ ಪಕ್ಕದಲ್ಲಿ ಒಂದೂರು ಐತೆ. ಹೆಸರು ಬರೆಯಲ್ಲ. ಆ ಊರಿಗೆ ಒಂದು ಕಟ್ಟಳೆ. ರಂಗದ ಮೇಲೆ ಯಾರಾದ್ರೂ ಸತ್ತರೆ, ಪರದೆ ಬಿದ್ದ ಮೇಲೆ ಕೊಂದವನೇ ಬಂದು ಸತ್ತವನ ಮುಖಕ್ಕೆ ನೀರು ಚಿಮುಕಿಸಿ, ಮನೇಲಿ ಕರೆಯೋ ಹೆಸರು ಹಿಡಿದು ಕರೀಬೇಕು. ಪಾತ್ರದ ಹೆಸರಲ್ಲ, ರೇಷನ್ ಕಾರ್ಡಿನ ಹೆಸರೂ ಅಲ್ಲ. ಸತ್ತವನು "ಓ" ಅನ್ನಬೇಕು. ಆಮೇಲೆ ಕೈ ಹಿಡಿದು ಎಬ್ಬಿಸಿ, ಇಬ್ಬರೂ ಒಟ್ಟಿಗೆ ನಿಂತು ಮಂಗಳ ಹಾಡಬೇಕು. ಬೇರೆ ಯಾರೂ ಎಬ್ಬಿಸೋ ಹಂಗಿಲ್ಲ. ಸತ್ತವನು ತಾನಾಗೇ ಏಳೋ ಹಂಗೂ ಇಲ್ಲ.

ಇದನ್ನ ನನಗೆ ಹೇಳಿದ್ದು ನಾನು ಉಳ್ಕೊಂಡಿದ್ದ ಮನೆಯ ಅವ್ವ. ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಾ ಹೇಳಿದ್ಲು. ನನಗೆ ನಗು ಬಂತು. "ಅಲ್ಲವ್ವಾ, ಕರೀದಿದ್ರೆ ಏನಾಗತೈತೆ? ಉಚ್ಚೆ ಬಂದ್ರೆ ಅವನೇ ಎದ್ದು ಹೋಗ್ತಾನಪ್ಪ" ಅಂದೆ. ಅವ್ವ ನಗಲಿಲ್ಲ. ರೊಟ್ಟಿ ತಿರುವಿ ಹಾಕಿ, "ಎದ್ದೇಳ್ತಾನೆ ಬಿಡು. ಎದ್ದೋನು ಅವನೇ ಅಂತ ನೀನು ಹೆಂಗೆ ಹೇಳ್ತೀಯ?" ಅಂದ್ಲು.

ಆ ಅವ್ವನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಆ ವರ್ಷದ ನಾಟಕದಲ್ಲಿದ್ದರು. ಅಣ್ಣನಿಗೆ ನಲವತ್ತು ದಾಟಿತ್ತು. ಎತ್ತರದ ಆಳು, ಒಳ್ಳೆ ಕಂಠ, ಮನಸ್ಸೂ ಒಳ್ಳೇದೇ. ಆದ್ರೆ ಮಾತು ಅರ್ಧ ಕೇಳೋದ್ರೊಳಗೆ ಎದ್ದು ನಿಂತಿರ್ತಿದ್ದ. ಒಂದಿನ ಹಾಲಿನ ವ್ಯಾನ್ ಕೆಟ್ಟೈತೆ ಅಂತ ಯಾರೋ ಅಂದಿದ್ದೇ ತಡ, ಕ್ಯಾನ್ ಹಾಲನ್ನ ಕಲಗಚ್ಚಿನ ಬಾನಿಗೆ ಸುರಿದು ಎಮ್ಮೆಗೇ ಕುಡಿಸಿದ್ನಂತೆ. ಕೆಟ್ಟಿತ್ತು, ಈಗ ಸರಿಯಾಗಿ ಬರ್ತೈತೆ ಅಂತ ಹೇಳಾಕೆ ಬಂದಿದ್ದ ಆ ಮನುಷ್ಯ. ಮುಗಿಸಾಕೆ ಬಿಟ್ರೆ ತಾನೆ? ವ್ಯಾನು ಊರ ಬಾಗಿಲಲ್ಲಿ ಹಾರ್ನ್ ಹೊಡೀತಿತ್ತು. ಇದನ್ನ ಅವ್ವಾನೇ ನಗ್ತಾ ಹೇಳಿದ್ದು.

ತಮ್ಮ ಬೇರೆ ಥರ. ಅಣ್ಣನಿಗಿಂತ ಬಹಳ ಚಿಕ್ಕವನು, ಇನ್ನೂ ಮದುವೆ ಆಗಿರಲಿಲ್ಲ. ಅವನ ಬಾಯಿಂದ ಮಾತು ತೆಗೆಯೋದು ಅಂದ್ರೆ ಒಣಗಿದ ಬೋರಿಂದ ನೀರು ತೆಗೆದಂಗೆ. ಅದರಲ್ಲೂ ಯಾರಾದ್ರೂ ಅನುಮಾನದಿಂದ ಕೇಳಿದ್ರೋ, ಮುಗೀತು, ಬಾಯಿಗೆ ಬೀಗ. ಸಣ್ಣವನಿದ್ದಾಗ ಶಾಲೇಲಿ ಯಾರದೋ ಕಂಪಾಸ್ ಕಳೆದು ಇವನಿಗೆ ಏಟು ಬಿದ್ದಿತ್ತಂತೆ. ತಗೊಂಡೋನು ಯಾರು ಅಂತ ಇವನಿಗೆ ಗೊತ್ತಿತ್ತಂತೆ. "ಯಾಕೋ ಹೇಳ್ಲಿಲ್ಲ" ಅಂದ್ರೆ, "ಕದ್ಯಾ ಅಂತ ಕೇಳಿದ್ರು, ಯಾರು ಕದ್ರು ಅಂತ ಕೇಳ್ಲಿಲ್ಲ" ಅಂದನಂತೆ. ಅಪ್ಪ ಬೇಗ ಹೋಗಿಬಿಟ್ಟಿದ್ದ. ತಮ್ಮನನ್ನ ಹೆಗಲ ಮೇಲೆ ಹೊತ್ಕೊಂಡು ಬೆಳೆಸಿದವನು ಅಣ್ಣಾನೇ. ಮನೇಲಿ ಕರೆಯೋ ಹೆಸರು ಇಟ್ಟವನೂ ಅವನೇ. ಆ ಹೆಸರಿಂದ ಮನೇಲಿ ಎಲ್ಲಾರೂ ಕರೀತಿದ್ರು. ಅಣ್ಣ ಕರೆದಾಗ ಮಾತ್ರ ತಮ್ಮ "ಓ ಅಣ್ಣಾ" ಅಂತ ಸಣ್ಣ ಹುಡುಗನ ಥರ ರಾಗ ಎಳೀತಿದ್ದ. ನಾನೇ ಕೇಳಿದೀನಿ.

ನಾಟಕಾನ ಬರೆದವರು ಮೇಷ್ಟ್ರು. ಮೇಷ್ಟ್ರು ಅಂದ್ರೆ ಹಾರ್ಮೋನಿಯಂ ನುಡಿಸಿ ನಾಟಕ ಕಲಿಸೋರು, ಹೊನ್ನಾಳಿ ಕಡೆಯವರು, ವಯಸ್ಸಾಗಿತ್ತು. ಕತೆ ಇಷ್ಟೇ: ಒಬ್ಬ ಪಾಳೇಗಾರ, ತಮ್ಮನಿಗೆ ನಿನ್ನ ಗಾದಿ ಮೇಲೆ ಕಣ್ಣೈತೆ ಅಂತ ಮಂತ್ರಿ ಕಿವಿ ಊದ್ತಾನೆ, ಪಾಳೇಗಾರ ತಮ್ಮನನ್ನ ಕೊಲ್ತಾನೆ, ಕೊಂದ ಮೇಲೆ ನಿಜ ಗೊತ್ತಾಗತ್ತೆ. ನಾನು ಪಾಳೇಗಾರನ ಹೆಂಡತಿ, ಮೈದುನನ್ನ ಮಗನಂಗೆ ಸಾಕಿದೋಳು. ಅಣ್ಣತಮ್ಮಂದಿರ ಪಾತ್ರಕ್ಕೆ ನಿಜವಾದ ಅಣ್ಣತಮ್ಮಂದಿರನ್ನೇ ಹಾಕಿದ್ರೆ ಜನ ಕಣ್ಣು ಪಿಳುಕಿಸದೆ ನೋಡ್ತಾರೆ ಅಂತ ಊರವರು ಪಟ್ಟು ಹಿಡಿದಿದ್ದರಂತೆ. ಬೇರೆ ಯಾವ ಊರವರೂ ಇಂಥ ತಪ್ಪು ಮಾಡಲ್ಲ ಅಂತ ಈಗ ಅನ್ನಿಸತ್ತೆ. ಆಗ ನನಗೂ ಚಂದ ಕಂಡಿತ್ತು.

ಕೊನೇ ತಾಲೀಮು ಶಾಲೆಯ ಜಗಲಿ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ. ಮೇಷ್ಟ್ರು ಎಲ್ಲರನ್ನೂ ಕೂರಿಸ್ಕೊಂಡು ಹೇಳಿದ್ರು: "ಮಂತ್ರಿ ಕೊಲ್ತಾನೆ ಅಂತ ತಿಳ್ಕಬೇಡ್ರಪ್ಪ. ಮಂತ್ರಿ ಸುಮ್ನೆ ಒಂದು ಮಾತು ಹೇಳಿ ಹೋಗ್ತಾನೆ. ಅಣ್ಣ ಕೆಟ್ಟೋನಲ್ಲ, ಅವಸರದೋನು. ತಮ್ಮ ತಪ್ಪು ಮಾಡಿಲ್ಲ, ಬಾಯಿ ಬಿಡಲ್ಲ. ಇವನು ಒಂದು ಗಳಿಗೆ ಕೂತು ಕೇಳಿದ್ರೆ, ಇಲ್ಲ ಅವನು ಒಂದು ಮಾತು ಹೇಳಿದ್ರೆ, ನಾಟಕಾನೇ ಇಲ್ಲ. ಅದಕ್ಕೇ ಕೊನೇ ತನಕ ಜನಕ್ಕೆ ಇನ್ನೇನು ಕೇಳ್ತಾನೆ, ಇನ್ನೇನು ಹೇಳ್ತಾನೆ ಅನ್ನಿಸ್ತಿರಬೇಕು." ಇಬ್ಬರೂ ಅಣ್ಣತಮ್ಮಂದಿರು ಮುಂದೇನೇ ಕೂತು ತಲೆ ಆಡಿಸಿದ್ರು. ಅಣ್ಣನಂತೂ "ಹೌದ್ರಿ ಮೇಷ್ಟ್ರೇ, ಇಂಥ ಹುಂಬ ಅಣ್ಣ ಎಲ್ಲಾದ್ರೂ ಇರ್ತಾನಾ" ಅಂತ ನಕ್ಕ. ತಮ್ಮ ಅಣ್ಣನ ಮುಖ ನೋಡಿ ಮುಗುಳ್ನಕ್ಕ. ಅದು ನನ್ನ ಕಣ್ಣಿಗೆ ಕಟ್ಟಿದಂಗೈತೆ.

ಅಣ್ಣನಿಗೆ ಕೊನೇ ದೃಶ್ಯದಲ್ಲಿ ಒಂದು ದೊಡ್ಡ ಹಾಡಿತ್ತು, ಕತ್ತಿ ಎತ್ತೋದಕ್ಕೆ ಮುಂಚೆ ಹಾಡೋದು. ಭತ್ತ ಒಕ್ಕಿದ ಧೂಳಿಗೆ ಅವನ ಗಂಟಲು ಕಟ್ಟಿತ್ತು. ಮೇಲಿನ ಸ್ವರಕ್ಕೆ ಹೋದಾಗೆಲ್ಲ ಒಡೆದು ಹೋಗ್ತಿತ್ತು. ಅವನಿಗೆ ಅದು ಗೊತ್ತೇ ಆಗ್ತಿರಲಿಲ್ಲ. ಟೀ ಕುಡಿಯಾಕೆ ಎಲ್ಲಾ ಎದ್ದಾಗ ತಮ್ಮ ಮೇಷ್ಟ್ರ ಹತ್ರ ಬಂದು ಕೂತ. ನಾನು ಪಕ್ಕದಲ್ಲೇ ಸೀರೆಗೆ ಪಿನ್ ಹಾಕ್ಕೊಂಡು ನಿಂತಿದ್ದೆ.

"ಮೇಷ್ಟ್ರೇ, ಅಣ್ಣನ ಹಾಡು ಹಂಗೇ ಬ್ಯಾಡ್ರಿ. ಒಂದು ಮನೆ ಕೆಳಗೆ ಹಿಡೀರಿ. ಮೇಲೆ ಹೋದ್ರೆ ಜನ ನಗ್ತಾರೆ, ಅವನು ತಡ್ಕಳಲ್ಲ. ಅವನಿಗೆ ಹೇಳ್ಬ್ಯಾಡ್ರಿ ಮತ್ತೆ."

ಒಂದು ಮನೆ ಕೆಳಗೆ ಅಂದ್ರೆ ಹಾರ್ಮೋನಿಯಂ ಶ್ರುತಿ ಸ್ವಲ್ಪ ಇಳಿಸೋದು, ಅಷ್ಟೇ. ಮೇಷ್ಟ್ರು ಆಗ್ಲಿ ಅಂದ್ರು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ರು. ಅಷ್ಟೊತ್ತಿಗೆ ಮಂತ್ರಿ ಪಾತ್ರದವನು ಟೀ ಲೋಟ ಹಿಡ್ಕೊಂಡು ಕಂಬದ ಹಿಂದಿಂದ ದಾಟಿದ. ಅವನ ಕಿವಿಗೆ ಬಿದ್ದಿದ್ದು "ಅಣ್ಣನ ಹಾಡು ಹಂಗೇ ಬ್ಯಾಡ್ರಿ, ಜನ ನಗ್ತಾರೆ" ಅಂತ ಇಷ್ಟೇ ಇರಬೇಕು. ಕೆಟ್ಟ ಮನುಷ್ಯ ಅಲ್ಲ ಅವನು, ಕಿರಾಣಿ ಅಂಗಡಿ ಇಟ್ಕೊಂಡಿದ್ದ. ಆದ್ರೆ ಬಾಯಲ್ಲಿ ಮಾತು ನಿಲ್ತಿರಲಿಲ್ಲ. ನೇರ ಅಣ್ಣನ ಹತ್ರ ಹೋಗಿ, "ನಿನ್ನ ತಮ್ಮ ನಿನ್ನ ಹಾಡಿಗೆ ಕತ್ರಿ ಹಾಕಿಸ್ತಾ ಅದಾನೆ ನೋಡಪ್ಪ" ಅಂತ ತಮಾಷೆ ಮಾಡಿದ. ಬಣ್ಣ ಹಚ್ಚೋಕೆ ಇನ್ನೂ ಹೊತ್ತಿತ್ತು, ಇವನಾಗಲೇ ಪಾತ್ರಕ್ಕೆ ಇಳಿದಿದ್ದ.

ಅಣ್ಣ ಬಂದ. ಮುಖ ಕೆಂಪಾಗಿತ್ತು. "ಮೇಷ್ಟ್ರ ಹತ್ರ ನನ್ನ ಬಗ್ಗೆ ಏನ್ ಚಾಡಿ ಹೇಳ್ದೆ?" ಅಂತ ಎಲ್ಲರ ಎದುರೇ ಕೇಳಿದ. ಏನು ಹೇಳ್ದೆ ಅಂದಿದ್ರೆ ಹೇಳ್ತಿದ್ನೇನೋ. ಚಾಡಿ ಅಂದುಬಿಟ್ಟ. ತಮ್ಮ ಅವನನ್ನ ಒಂದ್ಸಲ ನೋಡಿ, "ಹೇಳ್ದೋರನ್ನೇ ಕೇಳ್ಕೋ" ಅಂತ ಎದ್ದು ಹೋದ. ನನಗೆ ತಡ್ಕೊಳ್ಳಾಕಾಗಲಿಲ್ಲ. "ರೀ ಯಜಮಾನ್ರೇ, ನಾನು ಅಲ್ಲೇ ಇದ್ದೆ, ಅವನು ಹೇಳಿದ್ದು..." ಅಂತ ಬಾಯಿ ತೆಗೆದ್ರೆ, "ನೀವು ಬಣ್ಣ ಹಚ್ಚಾಕೆ ಬಂದೋರು, ಹಚ್ಚಿ ಹೋಗ್ರಿ" ಅಂದ. ಅಂಗಾಲಿಂದ ನೆತ್ತಿ ತನಕ ಉರೀತು ನನಗೆ. ಮೇಷ್ಟ್ರು ನಾಟಕ ಮುಗೀಲಿ, ನಾನೇ ಹೇಳ್ತೀನಿ ಅಂತ ಸನ್ನೆ ಮಾಡಿದ್ರು. ಪಾತ್ರಕ್ಕೆ ಸಿಟ್ಟು ಒಳ್ಳೇದೇ ಅಂತ ಅವರ ಲೆಕ್ಕ ಇದ್ದಿರಬೇಕು.

ನಾಟಕ ಚೆನ್ನಾಗೇ ಆಯ್ತು. ಕೊನೇ ದೃಶ್ಯ ಬರೋ ಹೊತ್ತಿಗೆ ಮೂಡಲು ಬಿಳಿಚಿಕೊಳ್ತಿತ್ತು, ಟ್ಯೂಬ್‌ಲೈಟುಗಳು ಸಪ್ಪಗಾಗಿದ್ವು. ಆ ಬೆಳಕಲ್ಲಿ ಬಣ್ಣ ಹಚ್ಚಿದ ಮುಖಗಳು ಮನುಷ್ಯರ ಮುಖದ ಥರ ಕಾಣಲ್ಲ. ಮೇಷ್ಟ್ರು ಶ್ರುತಿ ಇಳಿಸಿ ಹಿಡಿದ್ರು. ಅಣ್ಣನ ದನಿ ಎಲ್ಲೂ ಒಡೀಲಿಲ್ಲ. ಜನ ಶಿಳ್ಳೆ ಹೊಡೆದ್ರು. ನಾನು ಪಕ್ಕದಲ್ಲೇ ನಿಂತು ಅವನ ಕಣ್ಣು ನೋಡ್ತಿದ್ದೆ. ಹಾಡು ಸಲೀಸಾಗಿ ಬಂದಷ್ಟೂ ಅವನ ಕಣ್ಣು ಕೆಂಪಾಗ್ತಿತ್ತು. ಶ್ರುತಿ ಇಳಿದದ್ದು ಗೊತ್ತಾಗಿ, ನನ್ನ ಕೇಳದೇ ಹಾಡು ಬದಲಾಯಿಸಿದ್ದು ನಿಜಾನೇ ಅಂತ ಒಂದೊಂದು ಸಾಲಿಗೂ ಗಟ್ಟಿ ಮಾಡ್ಕೊಳ್ತಿದ್ದ. ಬೆಳ್ಳಿ ಕಾಗದ ಸುತ್ತಿದ ಮರದ ಕತ್ತಿ ತಮ್ಮನ ಪಕ್ಕೆಗೆ ಬಿದ್ದ ಸದ್ದು ಮುಂದಿನ ಸಾಲಿಗೂ ಕೇಳಿಸ್ತು. ತಮ್ಮ ನಿಜವಾಗಿ "ಅವ್ವಾ" ಅಂದ. ಬಿದ್ದ. ನಾನು ಅವನ ತಲೆ ತೊಡೆ ಮೇಲಿಟ್ಕೊಂಡು ಅತ್ತೆ. ಪರದೆ ಬಿತ್ತು.

ಅಣ್ಣ ಕತ್ತೀನ ಅಲ್ಲೇ ಎಸೆದು, ಕಿರೀಟ ಕಿತ್ತು ಬಗಲಲ್ಲಿ ಇಟ್ಕೊಂಡು, ಮೆಟ್ಟಿಲಿಳಿದು ಹೋದ.

ತಾಮ್ರದ ಚೊಂಬಲ್ಲಿ ನೀರು ತಂದಿಟ್ಟಿದ್ರು. ಅದು ಹಂಗೇ ಇತ್ತು. ಹಿರಿಯರು ಯಾರೋ ಓಡಿದ್ರು, "ಲೇ ಕರೆದು ಹೋಗೋ" ಅಂತ ಕೂಗಿದ್ರು. "ಚಾಡಿ ಹೇಳಾಕೆ ನಾಲಿಗೆ ಇರೋನು ತಾನೇ ಏಳ್ಲಿ" ಅಂತ ಅವನ ಉತ್ತರ ದೂರದಿಂದ ಕೇಳಿಸ್ತು. ನನ್ನ ತೊಡೆ ಮೇಲೆ ಮಲಗಿದ್ದವನಿಗೂ ಕೇಳಿಸಿರಬೇಕು. ಸತ್ತು ಮಲಗಿದವರಿಗೆ ಎಲ್ಲಾ ಕೇಳಿಸ್ತದೆ ಅಂತ ಆಗಲೇ ಹೇಳಿದೆನಲ್ಲ.

ಮೇಷ್ಟ್ರು "ಏಳಪ್ಪ, ಮಂಗಳ ಹಾಡ್ಬೇಕು" ಅಂದ್ರು. ಅವನು ಕಣ್ಣು ಬಿಡಲಿಲ್ಲ. ನಾನು ಮೂಗಿನ ಹತ್ರ ಬೆರಳಿಟ್ಟು ನೋಡಿದೆ, ಉಸಿರಿತ್ತು. ಬಗ್ಗಿ ಕಿವೀಲಿ, "ಏಳೋ ತಮ್ಮಾ, ಹಠ ಸಾಕು" ಅಂದೆ. ತುಟಿ ಮಾತ್ರ ಅಲುಗಿತು. "ಅಣ್ಣ ಕರೀಲಿ ಅಕ್ಕಾ."

ಅವ್ವ ಬಂದ್ಲು. ಚೊಂಬು ಕೈಗೆ ತಗೊಂಡ್ಲು, ಆಮೇಲೆ ಕೆಳಗಿಟ್ಲು. ಕೊಂದೋಳು ಅವಳಲ್ಲವಲ್ಲ. ಹೊರಗೆ ಜನ ಚಾಪೆ ಮಡಚ್ತಾ ಇದ್ರು. ಮಿಕ್ಕವರು ಪರದೆ ಮುಂದೆ ನಿಂತು ಹೆಂಗೋ ಮಂಗಳ ಹಾಡಿ ಮುಗಿಸಿದ್ರು. ಪರದೆ ಹಿಂದೆ ಅವನು ಮಲಗೇ ಇದ್ದ. ಬಿಸಿಲು ಮುಖದ ಮೇಲೆ ಬಿದ್ದು ಬಣ್ಣ ಬೆವೆತು ಇಳಿಯೋ ತನಕ ಇದ್ದು, ಆಮೇಲೆ ಯಾರ ಕೈಯೂ ಹಿಡೀದೆ ಎದ್ದ. ಅಲ್ಲಿದ್ದ ಮುದುಕರು ಮುಖ ತಿರುಗಿಸ್ಕೊಂಡ್ರು. ಅವನು ವೇಷದಲ್ಲೇ ಚಾನೆಲ್ಲಿನ ಏರಿ ಮೇಲೆ ನಡ್ಕೊಂಡು ಮನೇಗೆ ಹೋದ. ನಾನು ಉಪ್ಪಿಟ್ಟು ತಿನ್ನದೆ ಬಸ್ಸು ಹತ್ತಿದೆ.

ಎರಡು ದಿನಕ್ಕೆ ಸರಿ ಹೋಗ್ತಾರೆ ಅಂದ್ಕೊಂಡಿದ್ದೆ. ಅಣ್ಣತಮ್ಮಂದಿರ ಜಗಳ, ಒಂದೇ ತಟ್ಟೆ ಹಿಟ್ಟು ಉಂಡೋರು. ಸರಿ ಹೋಗಲಿಲ್ಲ. ಮೇಷ್ಟ್ರು ಹೇಳಾಕೆ ಹೋದ್ರೆ ಅಣ್ಣ ಹಾಡಿನ ಸುದ್ದಿ ಎತ್ತಿದ ಕೂಡಲೇ ಎದ್ದು ಹೋಗ್ತಿದ್ನಂತೆ. ತಮ್ಮ ಆ ಮನೇಲೇ ಇದ್ದ, ಗದ್ದೆ ಕೆಲಸ ಮಾಡ್ತಿದ್ದ, ಎಮ್ಮೆ ನೋಡ್ಕೊಳ್ತಿದ್ದ. ಆದ್ರೆ ಹೆಸರು ಹಿಡಿದು ಕರೆದ್ರೆ ಓ ಅಂತಿರಲಿಲ್ಲ. ಅವ್ವ ಕರೆದ್ರೂ ಇಲ್ಲ. ಊಟಕ್ಕೆ ತಟ್ಟೆ ಬಡಿದು ಸದ್ದು ಮಾಡಬೇಕಿತ್ತು. ಮೊದಮೊದಲು ಊರವರು ನಕ್ಕರಂತೆ. ಆಮೇಲೆ ನಗೋದು ನಿಂತಿತು. ಕಿರಾಣಿ ಅಂಗಡಿಯವನು ಸಾಮಾನನ್ನ ಅವನ ಕೈಗೆ ಕೊಡದೆ ಹಲಗೆ ಮೇಲಿಟ್ಟು ಸರಿದು ನಿಲ್ಲಾಕೆ ಶುರು ಮಾಡಿದ. ಅವನು ದಾರೀಲಿ ಬಂದ್ರೆ ಹೆಂಗಸರು ಮಗೂನ ಒಳಗೆ ಕರ್ಕೊಳ್ತಿದ್ರು. ಯಾರೂ ಅವನಿಗೆ ಕೆಟ್ಟದ್ದು ಅನ್ನಲಿಲ್ಲ. ಅವನಿಲ್ಲದಂಗೆ ಇದ್ದರು, ಅಷ್ಟೇ. ಇದೆಲ್ಲಾ ಅಲ್ಲಿಂದ ಇಲ್ಲಿಂದ ನನ್ನ ಕಿವಿಗೆ ಬೀಳ್ತಿತ್ತು.

ಆಮೇಲೆ ಒಂದಿನ ನ್ಯಾಮತಿ ಹತ್ರ, ಸೂರಗೊಂಡನಕೊಪ್ಪದ ದಾರೀಲಿ ಒಂದೂರಲ್ಲಿ ನನ್ನ ನಾಟಕ. ಇಳಿಹೊತ್ತು, ಯಾರದೋ ಮನೆಯ ನಡುಮನೇಲಿ ಕನ್ನಡಿ ಮುಂದೆ ಕೂತು ಬಣ್ಣ ಹಚ್ಕೊಳ್ತಿದ್ದೆ. ಕನ್ನಡೀಲಿ ನನ್ನ ಹೆಗಲ ಹಿಂದೆ ಆ ತಮ್ಮನ ಮುಖ ಕಾಣಿಸ್ತು. ಬಂದ ಸದ್ದೇ ಇಲ್ಲ. ಹೊಸಿಲ ಮೇಲೆ ನಾಯಿ ಮಲಗಿತ್ತು. ನನಗೆ ಬೊಗಳಿದ ನಾಯಿ ಅದು. ಇವನಿಗೆ ತಲೇನೂ ಎತ್ತಿರಲಿಲ್ಲ.

"ಎದೆ ಹೊಡ್ಕೊಳ್ಳಂಗೆ ಮಾಡ್ತೀಯಲ್ಲೋ ತಮ್ಮಾ, ಒಂದು ಕೆಮ್ಮಾದ್ರೂ ಕೆಮ್ಮಬಾರ್ದಾ" ಅಂತ ಬೈದೆ. ಅವನು ಗೋಡೆಗೊರಗಿ ಕೂತ. "ಈ ಊರಾಗೆ ಯಾರು ಎಬ್ಬಿಸ್ತಾರಕ್ಕಾ?" ಅಂದ.

"ಯಾರೂ ಇಲ್ಲ. ನಮಗೆ ನಾವೇ ಎದ್ದು ಮುಖ ತೊಳ್ಕೊಳ್ತೀವಿ."

ಅವನು ಬಾಗಿಲಾಚೆ ನೋಡಿದ. ಬೀದೀಲಿ ಜನ ಓಡಾಡ್ತಿದ್ರು, ಯಾರೋ ಸೈಕಲ್ ತಳ್ಕೊಂಡು ಹೋಗ್ತಿದ್ರು. "ಹಂಗಾರೆ ಇವ್ರೆಲ್ಲ ಯಾರು?" ಅಂದ. ನಿಜವಾಗಲೂ ತಿಳ್ಕೊಳ್ಳಾಕೆ ಕೇಳಿದಂಗಿತ್ತು. ನಾನು ಕಾಡಿಗೆ ಕಡ್ಡಿ ಕೆಳಗಿಟ್ಟು ಅವನ ಕಡೆ ತಿರುಗಿದೆ.

ಆಗ ನೋಡಿದೆ, ಅವನ ಬಲಗಿವಿ ಹಿಂದೆ ಗುಲಾಬಿ ಬಣ್ಣದ ಒಂದು ಗೆರೆ. ನಮ್ಮ ಬಣ್ಣಾನೇ ಅದು, ನನಗೆ ಗೊತ್ತಾಗಲ್ವಾ? ಬೇಸಿಗೆ ಕಳೆದು ಮಳೆ ಬಂದು ಹೋಗಿತ್ತು. ಗದ್ದೆ ಕೆಲಸದವನು ದಿನಾ ಮೈ ತೊಳೆಯೋನೇ. ಇಷ್ಟು ದಿನ ಯಾವ ಬಣ್ಣ ಉಳೀತದೆ? ಬಟ್ಟೆಗೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದೆ. ಬಟ್ಟೆಗೆ ಏನೂ ಹತ್ತಲಿಲ್ಲ, ಗೆರೇನೂ ಹೋಗಲಿಲ್ಲ.

"ಹಠ ಬಿಡೋ. ನೀನೇ ಹೋಗಿ ಅಣ್ಣಾ ಅನ್ನು."

"ಮೊದ್ಲು ಹಠಾನೇ ಇತ್ತಕ್ಕಾ. ಈಗ ಬರಲ್ಲ. ಬಾಯಿ ತೆಗೀತೀನಿ, ಒಳಗಿಂದ ಯಾರೂ ಬರಲ್ಲ. ಅವನು ಕರೀಬೇಕು. ಕರೆದ್ರೆ ಬರ್ತೀನಿ." ಅಷ್ಟಂದು ಎದ್ದು ಹೋದ. ಆ ನಾಟಕದಲ್ಲಿ ನಾನು ಸಾಯೋ ಪಾತ್ರ ಇರಲಿಲ್ಲ, ದೇವರು ದೊಡ್ಡವನು.

ನನಗೆ ಹೆದರಿಕೆಗಿಂತ ಸಿಟ್ಟು ಬಂದಿತ್ತು. ಒಂದು ಗಂಟಲು ಕಟ್ಟಿದ್ದಕ್ಕೆ ಒಬ್ಬ ಮನುಷ್ಯ ಹಿಂಗೆ ಸವೆದು ಹೋಗೋದಾ ಅಂತ. ನಾಟಕ ಮುಗಿಸಿ ಜಗಳೂರಿನ ನಮ್ಮ ಮನೇಗೆ ಹೋಗಿ ಟ್ರಂಕ್ ಇಟ್ಟವಳೇ ಮಾರನೇ ದಿನ ಚನ್ನಗಿರಿ ಬಸ್ಸು ಹಿಡಿದೆ. ಊರು ಸೇರಿದಾಗ ಮಧ್ಯಾಹ್ನ ಇಳೀತಿತ್ತು. ಅಣ್ಣ ಅಂಗಳದಲ್ಲಿ ಭತ್ತ ಹರವ್ತಿದ್ದ. ನನ್ನ ನೋಡಿ ಒಳಗೆ ಹೋಗಾಕೆ ನೋಡಿದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬಣ್ಣ ಹಚ್ಚಾಕೆ ಬಂದಿಲ್ಲ ನಾನಿವತ್ತು. ಕೂತ್ಕೊಳ್ರಿ. ನಾನು ಮುಗಿಸೋ ತನಕ ಎದ್ರೆ ನನ್ನಾಣೆ."

ಅವನು ಕೂತ. ಬಹುಶಃ ಅವನಿಗೂ ಯಾರಾದ್ರೂ ಕೂರಿಸಿದ್ರೆ ಸಾಕಿತ್ತು. ತಮ್ಮ ಮೇಷ್ಟ್ರಿಗೆ ಹೇಳಿದ್ದ ಮಾತನ್ನ, ಗಂಟಲಿಂದ ಹಿಡಿದು "ಅವನಿಗೆ ಹೇಳ್ಬ್ಯಾಡ್ರಿ" ಅನ್ನೋ ತನಕ, ಅವನ ದನೀಲೇ ಹೇಳಿದೆ. ಪಾತ್ರ ಮಾಡೋಳಿಗೆ ಒಂದ್ಸಲ ಕೇಳಿದ ಮಾತು ಮರೆಯಲ್ಲ. ಅಣ್ಣ ಕೊನೇ ತನಕ ಕೇಳಿದ. ಆಮೇಲೆ, "ಜನ ಶಿಳ್ಳೆ ಹೊಡೆದದ್ದು ಅದಕ್ಕಾ?" ಅಂದ. "ಅದಕ್ಕೇ" ಅಂದೆ. ಭತ್ತದ ಮೇಲೇ ಮುಖ ಮುಚ್ಕೊಂಡು ಅತ್ತ. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳ್ಲಿ. ಹೊಸಿಲ ಹತ್ರ ನಿಂತಿದ್ದ ಅವ್ವ ಮಾತ್ರ ಅಳಲಿಲ್ಲ. ಅವಳ ಮುಖ ನೋಡಿದ್ರೆ ಎಷ್ಟೋ ದಿನದ ಮೇಲೆ ಉಸಿರು ಬಿಟ್ಟಂಗಿತ್ತು.

"ಅವನೆಲ್ಲಿ?" ಅಂದ ಅಣ್ಣ.

"ಹುಲ್ಲಿಗೆ ಹೋಗ್ಯಾನೆ, ಚಾನೆಲ್ ಆಚೆ. ಸಂಜಿಗೆ ಬರ್ತಾನೆ" ಅಂದ್ಲು ಅವ್ವ. "ನೀನು ಮೈ ತೊಳ್ಕಂಡು ಕೂತ್ಕ. ಮೇಷ್ಟ್ರಿಗೆ ಫೋನ್ ಮಾಡಾನ. ಮನಿಯಾಗೆ, ದೇವರ ಮುಂದೆ ಮಲಗಿಸಿ, ನೀರು ಚಿಮುಕಿಸಿ ನಿಧಾನಕ್ಕೆ ಕರೀವಂತೆ."

ನಿಧಾನ ಅನ್ನೋ ಮಾತು ಅವನ ಕಿವಿಗೆ ಹೋಗೋದ್ರೊಳಗೆ ಎದ್ದಿದ್ದ. ಅಡಿಗೆ ಮನೇಗೆ ನುಗ್ಗಿ ತಾಮ್ರದ ಚೊಂಬಲ್ಲಿ ನೀರು ತುಂಬ್ಕೊಂಡು ಹೊರಟ. ಚೊಂಬಿಂದ ನೀರು ಚೆಲ್ತಾ, ಓಡಿದ. "ನಿಂತ್ಕೊಳ್ರಿ, ಒಂದು ಗಳಿಗೆ" ಅಂತ ನಾನು ಕೂಗಿದೆ. ನಾನು, ಅವ್ವ, ಇಬ್ಬರೂ ಅವನ ಹಿಂದೆ ಏರಿ ಹತ್ತಿದ್ವಿ.

ಚಾನೆಲ್‌ಗೆ ನೀರು ಬಿಟ್ಟಿದ್ರು. ದಡ ಮುಟ್ಟಿ ಹರೀತಿತ್ತು. ನೀರು ತಡೆಯೋ ಗೇಟಿನ ಮೇಲೆ ಒಂದು ಸಣ್ಣ ಗೋಡೆ, ಒಬ್ಬರು ಕಾಲಿಡುವಷ್ಟು ಅಗಲ. ಆಚೆಯ ಗದ್ದೆಯವರೆಲ್ಲಾ ಅದರ ಮೇಲೇ ದಾಟೋದು. ತಮ್ಮ ತಲೆ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ಕೊಂಡು ಗೋಡೆಯ ನಡುವಿಗೆ ಬಂದಿದ್ದ. ಹುಲ್ಲು ಕಣ್ಣಿನ ತನಕ ಇಳಿಬಿದ್ದಿತ್ತು. ಕಾಲಿಂದಲೇ ದಾರಿ ನೋಡ್ಕೊಂಡು, ಎರಡೂ ಕೈಲಿ ಹೊರೆ ಹಿಡಿದು ಮೆಲ್ಲಗೆ ಬರ್ತಿದ್ದ. ಇನ್ನು ಸ್ವಲ್ಪ ಬಂದಿದ್ರೆ ದಡ.

ಅಣ್ಣ ಏರಿ ಮೇಲೆ ನಿಂತವನೇ ಎದೆ ತುಂಬ ಉಸಿರೆಳೆದು, ಆ ಹೆಸರು ಹಿಡಿದು ಕರೆದ. ಹತ್ತು ಗದ್ದೆಗೆ ಕೇಳೋ ಹಂಗೆ ಕರೆದ.

ತಮ್ಮ ನಿಂತ. ಹೊರೇನ ಬಿಟ್ಟುಬಿಟ್ಟ. ಅಣ್ಣನ ಮುಖ ನೋಡಬೇಕಿತ್ತಲ್ಲ ಅವನಿಗೆ. ಹುಲ್ಲು ಜಾರಿ ನೀರಿಗೆ ಬಿತ್ತು, ಅವನು ಕಣ್ಣೆತ್ತಿ ಅಣ್ಣನ್ನ ನೋಡಿದ. ಅವನ ಮುಖ ಪೂರ್ತಿ ಅರಳಿತ್ತು. "ಓ ಅಣ್ಣಾ" ಅಂದ, ಆ ಹಳೇ ರಾಗದಲ್ಲೇ, ಎಳೆದು. ಹೊರೆ ಹೋದ ಕಡೇಗೇ ಅವನ ಕಾಲೂ ಹೋಯ್ತು.

ಅಣ್ಣ ಚೊಂಬು ಎಸೆದು ನೀರಿಗೆ ಹಾರಿದ. ಗೇಟಿನ ಕೆಳಗೆ ಸೆಳೆತ ಜಾಸ್ತಿ. ಪಂಪ್‌ಸೆಟ್ ಹತ್ರ ಇದ್ದವರು ಓಡಿ ಬಂದು ಅಣ್ಣನನ್ನ ಎಳೆದು ಹಾಕಿದ್ರು, ಅವನ ಕೈಲಿ ಹುಲ್ಲಿನ ಎಸಳು ಬಿಟ್ರೆ ಏನೂ ಇರಲಿಲ್ಲ. ಅವ್ವ ಏರಿ ಮೇಲೆ ಕೂತುಬಿಟ್ಲು. ಹುಲ್ಲಿನ ಹೊರೆ ಮಾತ್ರ ಬಹಳ ದೂರದ ತನಕ ತೇಲ್ಕೊಂಡು ಹೋಗೋದು ಕಾಣಿಸ್ತಿತ್ತು.

ಮಾರನೇ ದಿನ ಬೆಳಿಗ್ಗೆ ಮುಂದಿನ ಗೇಟಿನ ಸರಳುಗಳ ಹತ್ರ ಸಿಕ್ಕಿದ. ಏರಿ ಮೇಲೆ ಮಲಗಿಸಿದ್ರು. ನಾಟಕ ಮುಗಿದ ದಿನದಂಥದ್ದೇ ಬೆಳಕು, ಅದೇ ಜನ. ಮೇಷ್ಟ್ರೂ ಬಂದಿದ್ರು. ಅಣ್ಣ ಚೊಂಬು ಹುಡುಕಿ ತಂದಿದ್ದ. ಒದ್ದೆ ಮುಖದ ಮೇಲೆ ನೀರು ಚಿಮುಕಿಸಿ, ಹೆಸರು ಹಿಡಿದು ಕರೆದ. ಮತ್ತೆ ಕರೆದ. ದನಿ ಒಡೀತಿತ್ತು. ಯಾರೂ ಅವನನ್ನ ತಡೀಲಿಲ್ಲ. ಬಿಸಿಲೇರೋ ತನಕ ಕರೀತಾನೇ ಇದ್ದ.

ಕೊನೇಗೆ ಅವ್ವ ಬಂದು ಅವನ ಕೈಯಿಂದ ಚೊಂಬು ಇಸ್ಕೊಂಡ್ಲು. "ಸಾಕು ಬಿಡಪ್ಪಾ. ನೀನು ಕರೆದದ್ದು ಅವನಿಗೆ ಕೇಳೈತೆ. ಓ ಅಂದ್ನಲ್ಲ" ಅಂದ್ಲು.

ಹೆಂಗಸರು ಮೈ ಒರೆಸುವಾಗ ನಾನೂ ಕೂತೆ. ಬಲಗಿವಿ ಮಡಚಿ ಹಿಂದೆ ನೋಡಿದೆ. ಗುಲಾಬಿ ಗೆರೆ ಇರಲಿಲ್ಲ. ಎಡಗಿವಿ ಹಿಂದೆಯೂ ನೋಡ್ದೆ. ಎಲ್ಲೂ ಇರಲಿಲ್ಲ. ನೀರು ತೊಳೀತು ಅಂತ ಯಾರಾದ್ರೂ ಅಂದ್ರೆ ಅನ್ನಲಿ, ನಾನು ವಾದ ಮಾಡಲ್ಲ.

ಆ ನಾಟಕಾನ ಮೇಷ್ಟ್ರು ಮತ್ತೆ ಎಲ್ಲೂ ಆಡಿಸಲಿಲ್ಲ. ಅಣ್ಣ ಈಗ ಯಾರು ಏನು ಹೇಳಿದ್ರೂ ಪೂರ್ತಿ ಕೇಳ್ತಾನಂತೆ. ಹೇಳಿದೋರು ಎದ್ದು ಹೋದ ಮೇಲೂ ಕೂತೇ ಇರ್ತಾನಂತೆ. ಅವನನ್ನ ಎಬ್ಬಿಸೋದು ಯಾರು ಅಂತ ಆ ಊರವರಿಗೂ ಗೊತ್ತಿಲ್ಲ.

ನಾನು ಈಗಲೂ ಹೋಗ್ತೀನಿ, ಹೊಟ್ಟೆಪಾಡು ನಡೀಬೇಕಲ್ಲ. ಹೋದಲ್ಲೆಲ್ಲಾ ನನ್ನ ಕೊಲ್ಲೋ ಪಾತ್ರದವನು ಯಾರು ಅಂತ ಮೊದಲು ಕೇಳ್ತೀನಿ. ಮಧ್ಯಾಹ್ನ ಮಾತು ಹೊಂದಿಸ್ಕೊಳ್ಳುವಾಗ ಅವನನ್ನ ಪಕ್ಕಕ್ಕೆ ಕರೆದು ಮನೇಲಿ ನನ್ನ ಕರೆಯೋ ಹೆಸರು ಹೇಳ್ತೀನಿ. ಹುಡುಗರು ನಗ್ತಾರೆ, ನಗಲಿ. "ಪರದೆ ಬಿದ್ಮೇಲೆ ಒಂದ್ಸಲ ಕರೀರಪ್ಪಾ, ಅಲ್ಲೀ ತನಕ ನಾನು ಏಳಲ್ಲ" ಅಂತೀನಿ. "ದೂರದಿಂದ ಕೂಗಬೇಡ್ರಿ. ಹತ್ರ ಬಂದು, ಕೈ ಹಿಡಿದು, ಆಮೇಲೆ ಕರೀರಿ."